ಆಂಟೆನಾ ಅಟ್ಟದಲ್ಲಿಟ್ಟರೂ ಚಾನೆಲ್ ಬರುತ್ತವೆ ಎನ್ನುವವರಿಗೆ ಹಣ ಕೊಡಬೇಡಿ

ಬೆಳಗಾವಿಯ ಹಳೆಯ ಹೆಂಚಿನ ಮನೆಗಳಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಮಾಡಿನ ಮೇಲೆ ಹತ್ತುವುದೇ ಬೇಡ, ಅಟ್ಟದಲ್ಲಿಟ್ಟರೂ ತಿಂಗಳ ಬಾಡಿಗೆಯಿಲ್ಲದೆ ಟಿವಿ ನೋಡಬಹುದು ಎಂದು ನಂಬಿಸಿ, ನಗರದ ಒಂದು ಅಂಗಡಿಯವರು ನನಗೆ ‘ಎಚ್‌ಡಿ ಡಿಜಿಟಲ್ ಆಂಟೆನಾ’ ಎಂಬುದನ್ನು 2,400 ರೂಪಾಯಿಗೆ ಮಾರಿದರು. ಅದು ಕೆಲಸ ಮಾಡದಿದ್ದಾಗ ಮತ್ತೆ 850 ರೂಪಾಯಿಯ ಬೂಸ್ಟರ್ ಮಾರಿದರು. ಒಂದೇ ಒಂದು ಚಾನೆಲ್ ಬರಲಿಲ್ಲ.

ಅಟ್ಟವೇ ಏಕೆ ಎಂದು ಈ ಊರಿನವರಿಗೆ ವಿವರಿಸಬೇಕಿಲ್ಲ. ಶಹಾಪುರದ ನಮ್ಮ ಮನೆಯ ಹೆಂಚುಗಳು ಹಳೆಯವು, ಕಾಲಿಟ್ಟರೆ ಒಡೆಯುತ್ತವೆ. ಜುಲೈ ತಿಂಗಳ ಗಾಳಿಮಳೆಗೆ ಮೇಲೆ ಕಟ್ಟಿದ್ದು ಯಾವುದೂ ನಿಲ್ಲುವುದಿಲ್ಲ. ಅವ್ವನಿಗೆ ಚಂದನ ವಾಹಿನಿ ಒಂದಿದ್ದರೆ ಸಾಕು, ಅಷ್ಟಕ್ಕಾಗಿ ಪ್ರತಿ ತಿಂಗಳು ಕೇಬಲ್ ಹಣ ಕಟ್ಟುವುದು ಬೇಡವೆನಿಸಿತ್ತು. ಇದೆಲ್ಲವನ್ನೂ ಅಂಗಡಿಯಲ್ಲಿ ಬಿಡಿಸಿ ಹೇಳಿದ್ದೆ. ಅರ್ಧ ಮಾಡಿಗೆ ತಗಡು ಹೊದಿಸಿರುವುದನ್ನೂ ಹೇಳಿದ್ದೆ. ಮಾಲೀಕರು, “ತಗಡ ಇರ್ಲಿ, ಹಂಚ ಇರ್ಲಿ, ಏನೂ ಫರಕ ಬೀಳೂದಿಲ್ರಿ ಸರ್. ಅಟ್ಟದಾಗ ಇಡ್ರಿ, ಆರಾಮ ನೋಡ್ರಿ” ಎಂದರು. ಆಂಟೆನಾದ ತಂತಿ ಸಿಕ್ಕಿಸಿದಂತೆ ಕಾಣುತ್ತಿದ್ದ ಟಿವಿಯಲ್ಲಿ ಚಂದನ ವಾಹಿನಿಯನ್ನು ಸ್ವಚ್ಛವಾಗಿ ತೋರಿಸಿದರು. ಅದನ್ನು ನೋಡಿಯೇ ಹಣ ಕೊಟ್ಟೆ.

ಮನೆಯಲ್ಲಿ ಎಷ್ಟು ಹುಡುಕಿಸಿದರೂ ಟಿವಿ ‘ಚಾನೆಲ್ ಇಲ್ಲ’ ಎಂದೇ ತೋರಿಸಿತು. ಫೋನ್ ಮಾಡಿದರೆ ಮೊದಲು ದಿಕ್ಕು ಬದಲಿಸಲು ಹೇಳಿದರು. ನಂತರ ನನ್ನ ಟಿವಿಯೇ ಸರಿಯಿಲ್ಲವೆಂದರು. ಆಮೇಲೆ, “ಬೂಸ್ಟರ್ ಇಲ್ಲದ ಹ್ಯಾಂಗ ಬರತೈತ್ರಿ?” ಎಂದು, ಮೊದಲೇ ಹೇಳಬೇಕಿದ್ದ ಮಾತನ್ನು ನಾನೇ ಮರೆತವನಂತೆ ನನಗೇ ಕೇಳಿದರು. ಬೂಸ್ಟರ್ ಹಾಕಿದ ಮೇಲೂ ಬರಲಿಲ್ಲ. ಅವ್ವನ ಎದುರು, ನೋಡಲು ಬಂದಿದ್ದ ಪಕ್ಕದ ಮನೆಯವರ ಎದುರು ಆದ ಅವಮಾನವನ್ನು ಹೇಗೆ ಹೇಳಲಿ?

ಆಂಟೆನಾ ಹಿಂತಿರುಗಿಸಲು ಹೋದಾಗ ಅಂಗಡಿಯ ಟಿವಿಯ ಹಿಂಬದಿಯನ್ನು ನೋಡಿದೆ. ಆಂಟೆನಾದ ತಂತಿ ಸುಮ್ಮನೆ ಜೋತುಬಿದ್ದಿತ್ತು. ಚಿತ್ರ ಬರುತ್ತಿದ್ದದ್ದು ಸ್ಟ್ಯಾಂಡಿನ ಹಿಂದೆ ಅಡಗಿಸಿಟ್ಟ ಸೆಟ್‌ಟಾಪ್ ಬಾಕ್ಸಿನಿಂದ. ಅದರ ಕೇಬಲ್ ಕಿಟಕಿಯ ಮೂಲಕ ಮೇಲಿನ ಡಿಶ್‌ಗೆ ಹೋಗಿತ್ತು. ಅಂದರೆ ನನಗೆ ತೋರಿಸಿದ ಚಿತ್ರ ಆ ಆಂಟೆನಾದ್ದೇ ಅಲ್ಲ! ಈ ಆಂಟೆನಾ ಯಾವ ಟವರ್‌ನಿಂದ ಸಿಗ್ನಲ್ ಹಿಡಿಯುತ್ತದೆ, ಅದೊಂದನ್ನು ಹೇಳಿ ಎಂದು ಕೇಳಿದೆ. “ಅದು ಹವಾದಾಗ ಇರತೈತ್ರಿ” ಎಂದರು. ಹಣ ಕೇಳಿದರೆ, “ಮಾರಿದ ಮಾಲ್ ವಾಪಸ್ ಇಲ್ಲಂತ ಬರದೈತಿ ನೋಡ್ರಿ” ಎಂದು ಗೋಡೆಯ ಕಡೆ ಕೈತೋರಿಸಿದರು. ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು.

ನಿಜ ಸಂಗತಿ ಹೀಗಿದೆ. ಹಿಂದೆ ಮನೆಮನೆಯ ಮೇಲಿದ್ದ ಮೀನಿನ ಮುಳ್ಳಿನಂಥ ಆಂಟೆನಾಗಳು ದೂರದರ್ಶನದ ಟವರ್‌ಗಳಿಂದ ಬರುವ ಅಲೆಗಳನ್ನು ಹಿಡಿಯುತ್ತಿದ್ದವು. ಆಯಕಟ್ಟಿನ ಸುಮಾರು 50 ಕೇಂದ್ರಗಳನ್ನು ಬಿಟ್ಟು, ದೇಶದ ಉಳಿದ ಅನಲಾಗ್ (ಡಿಜಿಟಲ್‌ಗಿಂತ ಹಿಂದಿನ, ಹಳೆಯ ಮಾದರಿಯ) ಪ್ರಸಾರಕಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಪ್ರಕಟಿಸಿತ್ತು. ಟವರ್‌ನಿಂದ ಡಿಜಿಟಲ್ ಪ್ರಸಾರವನ್ನು 2016ರಲ್ಲಿ 16 ನಗರಗಳಲ್ಲಿ ಆರಂಭಿಸಿದಾಗ ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಮಾತ್ರ. ನೂರು ಮೀಟರ್ ಎತ್ತರದ ಟವರ್‌ನ ಸಿಗ್ನಲ್ ಕೂಡ ಭೂಮಿಯ ಬಾಗುವಿಕೆಯಿಂದಾಗಿ ಸಾಮಾನ್ಯವಾಗಿ 40 ಕಿಲೋಮೀಟರ್ ಆಚೆಗೆ ಸರಿಯಾಗಿ ಸಿಗುವುದಿಲ್ಲ. ಬೆಂಗಳೂರು ನಮ್ಮಿಂದ ಸುಮಾರು 500 ಕಿಲೋಮೀಟರ್ ದೂರವಿದೆ. ಪೆಟ್ಟಿಗೆಯ ಮೇಲೆ ಸಾವಿರ ಮೈಲಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಅದು ಸಿಕ್ಕೀತೇ? ಬೂಸ್ಟರ್ ಇರುವ ಸಿಗ್ನಲನ್ನು ಹೆಚ್ಚಿಸಬಲ್ಲದು, ಇಲ್ಲದ್ದನ್ನು ಎಲ್ಲಿಂದ ತಂದೀತು? ‘ಎಚ್‌ಡಿ’, ‘ಡಿಜಿಟಲ್’ ಎಂಬುವು ಪ್ರಸಾರಕ್ಕೂ ಟಿವಿಗೂ ಸಂಬಂಧಿಸಿದ ಮಾತುಗಳು, ಅಲ್ಯೂಮಿನಿಯಂ ಕಡ್ಡಿಗಳಿಗೆ ಅವು ಅನ್ವಯಿಸುವುದಿಲ್ಲ. ಇದನ್ನೆಲ್ಲ ಟಿವಿ ರಿಪೇರಿ ಮಾಡುವ ಪರಿಚಿತರೊಬ್ಬರು ನನಗೆ ತಿಳಿಸಿದರು. ದಿನವೂ ಇದೇ ವ್ಯಾಪಾರ ಮಾಡುವ ಅಂಗಡಿಯವರಿಗೆ ತಿಳಿದಿರಲಿಲ್ಲವೆಂದರೆ ನಾನು ಖಂಡಿತ ನಂಬುವುದಿಲ್ಲ.

ಇನ್ನೊಂದು ಮಾತನ್ನೂ ಅಂಗಡಿಯವರು ಹೇಳಿದ್ದರು: ಬೇಕಾದರೆ ಇನ್ನಷ್ಟು ಹಣ ಕೊಡಿ, ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನ ಛತ್ರಿಯನ್ನೇ (ಡಿಶ್) ಅಟ್ಟದಲ್ಲಿ ಕೂಡಿಸಿಕೊಡುತ್ತೇವೆ. ಇದೂ ಸುಳ್ಳು. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ ಎಂಬುದು ನಿಜ, ಚಂದನವೂ ಅದರಲ್ಲಿ ಬರುತ್ತದೆ. ಆದರೆ ಅದರ ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಊರಿನಿಂದ ಛತ್ರಿ ಆಗ್ನೇಯಕ್ಕೆ ಮುಖಮಾಡಿ, ತೆರೆದ ಆಕಾಶವನ್ನೇ ನೋಡುತ್ತಿರಬೇಕು. ತಗಡಂತೂ ಆ ಅಲೆಗಳನ್ನು ಪೂರ್ತಿ ತಡೆಯುತ್ತದೆ, ನೆನೆದ ಹೆಂಚಿನ ಕೆಳಗೂ ಅದನ್ನು ನೆಚ್ಚುವಂತಿಲ್ಲ. ನಮ್ಮ ಮನೆಯಲ್ಲಿ ಕೊನೆಗೆ ಹಿತ್ತಲಿನ ಗೋಡೆಗೆ ಮೊಳೆ ಹೊಡೆದು ಛತ್ರಿ ಕೂಡಿಸಿದೆವು, ಮಾಡಿನ ತಂಟೆಗೆ ಹೋಗಬೇಕಾಗಲೇ ಇಲ್ಲ. ಈ ದಾರಿಯನ್ನು ಆ ಅಂಗಡಿಯವರು ಮೊದಲ ದಿನವೇ ಹೇಳಬಹುದಿತ್ತು.

ಆದ್ದರಿಂದ ಆಂಟೆನಾ ಕೊಳ್ಳುವ ಮೊದಲು ಅದು ಯಾವ ಕೇಂದ್ರದ ಪ್ರಸಾರವನ್ನು ಹಿಡಿಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿರಿ, ಅಂಗಡಿಯ ಟಿವಿಯ ಹಿಂದೆ ಕೈಹಾಕಿ ತಂತಿ ನೋಡಿರಿ, ಬಿಲ್ಲು ಪಡೆಯದೆ ಹೊರಗೆ ಬರಬೇಡಿರಿ. ಗೋಡೆಯ ಮೇಲೆ ಏನೇ ಬರೆದಿರಲಿ, ದೋಷವಿರುವ ಸರಕನ್ನು ಹಿಂಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನಗಳ ಅವಕಾಶವಿದೆ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮಗೂ ಇಂಥದೇ ಆಂಟೆನಾ ಮಾರಿದ್ದರೆ ಬಿಲ್ಲು ಹಾಗೂ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡು ನೀವೂ ದೂರು ಕೊಡಿರಿ.