ಕುಂದಾಪುರವೋ, ಹೊನ್ನಾವರವೋ?

ಕಡಿಮೆ ಖರ್ಚಿನ ಮನೆ, ಶಾಂತ ಕಡಲೂರು ಬೇಕು ಅಂತ ಕೇಳಿದ್ದೀರಿ. ಬೆಂಗಳೂರಿನಿಂದ ಪಂಚಗಂಗಾ ರೈಲು ಎರಡೂ ಊರಿಗೆ ಬರುತ್ತದೆ, ಹಾಗಾಗಿ ಓಡಾಟದ ಚಿಂತೆ ಬಿಡಿ.

ದುಡ್ಡಿನ ವಿಷಯದಲ್ಲಿ ಊರಿಗಿಂತ ಜಾಗ ಮುಖ್ಯ. ಎರಡೂ ಕಡೆ 66ನೇ ಹೆದ್ದಾರಿಯ ಪಕ್ಕ ದುಬಾರಿ, ಒಳಗಿನ ಹಳ್ಳಿಗೆ ಹೋದಷ್ಟೂ ಬೆಲೆ ಇಳಿಯುತ್ತದೆ.

ನಿಜವಾದ ವ್ಯತ್ಯಾಸ ಆಸ್ಪತ್ರೆಯದ್ದು. ಕುಂದಾಪುರದಿಂದ ಮಣಿಪಾಲ ಸುಮಾರು 40 ಕಿಲೋಮೀಟರ್, ಹೊನ್ನಾವರದಿಂದ 100ಕ್ಕೂ ಜಾಸ್ತಿ. ಮನೆಯಲ್ಲಿ ವಯಸ್ಸಾದವರು, ಹೃದಯದ ತೊಂದರೆ ಇರುವವರು ಇದ್ದರೆ ಕುಂದಾಪುರವೇ ಸರಿ. ಗಟ್ಟಿಮುಟ್ಟಾಗಿದ್ದು, ಮನೆಯಿಂದಲೇ ಕೆಲಸ ಮಾಡುವವರಾದರೆ ಶರಾವತಿ ದಂಡೆಯ ಹೊನ್ನಾವರದ ಹಳ್ಳಿಗಳು ತುಂಬಾ ಹಿಡಿಸುತ್ತವೆ, ಸಂಜೆ ಹೊತ್ತು ಆ ನದಿ ನೋಡಿದರೆ ಸಾಕು ಅನ್ನಿಸುತ್ತದೆ.

ಬಾಳಿಕೆ? ಕಡಲಿಗೆ ತೀರಾ ಹತ್ತಿರದ ಮನೆಯಲ್ಲಿ ಕಿಟಕಿಯ ಕಬ್ಬಿಣದ ಸರಳು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತದೆ, ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವುದೂ ಉಂಟು. ಏಪ್ರಿಲ್-ಮೇನಲ್ಲಿ ಹೋಗಿ ನೀರು ಕುಡಿದು ನೋಡಿ. ಹಳೇ ಹೆಂಚಿನ ಮನೆ ಅಗ್ಗಕ್ಕೆ ಸಿಕ್ಕಿದರೆ ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆಯಾ ಅಂತ ತಟ್ಟಿ ನೋಡಿ. ಖರೀದಿಗಾದರೆ ಸಿಆರ್‌ಝಡ್ (ಕಡಲತೀರದಲ್ಲಿ ಕಟ್ಟಡ ಕಟ್ಟಲು ನಿರ್ಬಂಧ ಇರುವ ವಲಯ) ಗಡಿ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ಯಾವ ಊರಾದರೂ ಒಂದು ಮಳೆಗಾಲ ಬಾಡಿಗೆಗೆ ಇದ್ದು, ಆಮೇಲೆ ಮುಂಗಡ ಕೊಡಿ.