ಶಾಸನದ ಊರುಗಳಿಗೆ ಒಂದು ದಿನ: ಶಿಕಾರಿಪುರ ಸೀಮೆಯ ಪ್ರವಾಸ ಸೇವೆಯೊಂದರ ವಿಮರ್ಶೆ

ಶಿವಮೊಗ್ಗ ಜಿಲ್ಲೆಯ ಪ್ರವಾಸವೆಂದರೆ ಜೋಗ, ಆಗುಂಬೆ, ಸಕ್ರೆಬೈಲುಗಳಿಗೇ ಮುಗಿದುಹೋಗುವುದು ವಾಡಿಕೆ. ಶಾಸನ, ವೀರಗಲ್ಲು, ಹಳೆಯ ದೇಗುಲಗಳನ್ನೇ ಮುಖ್ಯವಾಗಿ ಇಟ್ಟುಕೊಂಡು, ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಿಸುವ ಏರ್ಪಾಡು ಅಪರೂಪವಾದ್ದರಿಂದ, ನಗರದ ಸಣ್ಣ ಪ್ರವಾಸ ಸಂಸ್ಥೆಯೊಂದು ವಾರಾಂತ್ಯಗಳಲ್ಲಿ ಶಿಕಾರಿಪುರ ತಾಲ್ಲೂಕಿಗೆ ನಡೆಸುತ್ತಿರುವ ಮಿನಿ ಬಸ್ಸಿನ ಪ್ರವಾಸಕ್ಕೆ ನಾವು ಮನೆಮಂದಿಯೆಲ್ಲ ಹೆಸರು ಬರೆಸಿದೆವು. ಈಸೂರು, ತಾಳಗುಂದ, ಬಳ್ಳಿಗಾವಿ, ಉಡುತಡಿ, ಬಂದಳಿಕೆ ಇವಿಷ್ಟೂ ಒಂದೇ ದಿನದಲ್ಲಿ. ದರದಲ್ಲಿ ತಕರಾರಿಲ್ಲ, ನಾಲ್ವರು ಸೇರಿ ಬಾಡಿಗೆ ಕಾರು ಮಾಡಿಕೊಂಡರೆ ತಲೆಗೆ ಬೀಳುವುದಕ್ಕಿಂತ ಇದು ಕಡಿಮೆಯೇ. ನನ್ನ ಆಕ್ಷೇಪವಿರುವುದು ಹೊತ್ತಿನ ಹಂಚಿಕೆಯ ಬಗ್ಗೆ ಮತ್ತು ವಿವರಣೆಯ ರೀತಿಯ ಬಗ್ಗೆ.

ಮೊದಲ ತಾಣ ಈಸೂರು. 1942ರ ಚಳವಳಿಯಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡ ಊರು ಇದು. ಆ ನಂತರದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾದರು. 1943ರಲ್ಲಿ ಊರಿನ ಐವರು ಗಲ್ಲಿಗೇರಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆ ಗೊತ್ತಿದ್ದವರಿಗೂ ಹುತಾತ್ಮರ ಸ್ಮಾರಕದ ಮುಂದೆ ನಿಂತು ಆ ಐವರ ಹೆಸರುಗಳನ್ನು ಓದುವುದು ಬೇರೆಯೇ ಅನುಭವ. ಮಾರ್ಗದರ್ಶಿ ಇಲ್ಲಿ ಹೆಚ್ಚು ಮಾತಾಡಲಿಲ್ಲ, ಅದೇ ಸರಿಯಾಯಿತು.

ಇಡೀ ಪ್ರವಾಸದ ಬೆಲೆ ತಿಳಿಯುವುದು ತಾಳಗುಂದದಲ್ಲಿ. ಪ್ರಣವೇಶ್ವರ ದೇವಾಲಯದ ಮುಂದಿರುವ ಎಂಟು ಮುಖಗಳ ಕಂಬದಲ್ಲಿ ಕದಂಬ ಶಾಂತಿವರ್ಮನ ಕಾಲದ ಶಾಸನವಿದೆ. ಏಳು ಮುಖಗಳಲ್ಲಿ ತಲಾ ಎರಡು ಸಾಲು, ಎಂಟನೆಯದರಲ್ಲಿ ಒಂದೇ ಒಂದು ಗಿಡ್ಡ ಸಾಲು. ಅಕ್ಷರಗಳು ಬುಡದಿಂದ ಮೇಲಕ್ಕೆ ಸಾಗುವುದರಿಂದ, ಯಾರಾದರೂ ತೋರಿಸಿಕೊಡದಿದ್ದರೆ ಎಲ್ಲಿಂದ ನೋಡಬೇಕೆಂಬುದೇ ತಿಳಿಯುವುದಿಲ್ಲ. ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಕಾವ್ಯದಲ್ಲಿ, ತಾತ ವೀರಶರ್ಮನೊಡನೆ ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಸಂಗತಿ ಬರುತ್ತದೆ; ಕಾಕುಸ್ಥವರ್ಮ ಇಲ್ಲಿ ಕೆರೆ ತೋಡಿಸಿದ್ದೂ ಬರುತ್ತದೆ. ಸಂಸ್ಥೆಯವರು ಇದರ ಆಯ್ದ ಪದ್ಯಗಳ ಕನ್ನಡ ಭಾವಾರ್ಥವನ್ನು ಮುದ್ರಿಸಿ ಪ್ರತಿಯೊಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟಿದ್ದರು. ಹಾಳೆಯ ಮೇಲೊಂದು ಕಣ್ಣು, ಕಂಬದ ಮೇಲೊಂದು ಕಣ್ಣು ಇಟ್ಟುಕೊಂಡು ನಮ್ಮ ಗುಂಪಿನ ಶಾಲಾ ಮಕ್ಕಳೂ ಕಂಬವನ್ನು ಸುತ್ತಿದರು. ಪ್ರವಾಸಿಗಳಿಗೆ ಟೋಪಿ, ನೀರಿನ ಬಾಟಲಿ ಹಂಚುವ ದುಡ್ಡಿನಲ್ಲಿ ಇಂಥದ್ದನ್ನು ಎಲ್ಲರೂ ಮಾಡಬಹುದು, ಮಾಡುವುದಿಲ್ಲ.

ಇದೇ ಆವರಣದ ಉತ್ಖನನದಲ್ಲಿ ದೊರೆತ, ಸಿಂಹದ ಕೆತ್ತನೆಯ ಮೆಟ್ಟಿಲ ಪಕ್ಕದ ಕಟಾಂಜನದ (ಕೈಗೋಡೆಯ) ಕಲ್ಲಿನ ಮೇಲಿರುವ ಸಿಂಹಕಟಾಂಜನ ಶಾಸನವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರದ್ದೆಂದು ಹೇಳಿದೆ; ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಕೊಡುವ ಕಾಲ ಸುಮಾರು 450. ಅಂದರೆ ಕನ್ನಡದ ಮೊದಲ ಶಾಸನ ಯಾವುದೆಂಬ ಚರ್ಚೆ ಈ ಹೊಲಗದ್ದೆಗಳ ನಡುವಿನ ಊರಿಗೆ ಬಂದು ನಿಂತಿದೆ. ಮಾರ್ಗದರ್ಶಿ ಇದನ್ನು ಒಂದೇ ವಾಕ್ಯದಲ್ಲಿ, 'ಇನ್ನು ಹಲ್ಮಿಡಿಯನ್ನು ಮರೆತುಬಿಡಿ' ಎಂದು ಹೇಳಿ ಮುಗಿಸಿದರು. ಚಪ್ಪಾಳೆಯೇನೋ ಬಿತ್ತು. ಆದರೆ ಇಲಾಖೆ ಯಾವ ಆಧಾರದ ಮೇಲೆ ಆ ಕಾಲವನ್ನು ನಿರ್ಣಯಿಸಿತು, ಲಿಪಿಯ ಲಕ್ಷಣಗಳಿಂದ ಕಾಲ ನಿರ್ಣಯಿಸುವುದು ಹೇಗೆ ಎಂದು ಎರಡು ಮಾತು ಹೇಳಿದ್ದರೆ ಕೇಳಲು ಕಾದಿದ್ದವರು ಅಲ್ಲಿ ಸಾಕಷ್ಟು ಮಂದಿಯಿದ್ದರು.

ಬಳ್ಳಿಗಾವಿಯಲ್ಲಿ ಈ ದೋಷ ಇನ್ನಷ್ಟು ಎದ್ದು ಕಂಡಿತು. ಅಲ್ಲಮಪ್ರಭು ಇದೇ ಊರಿನವನೆಂಬುದು ಶರಣ ಪರಂಪರೆ ಮತ್ತು ಕಾವ್ಯಗಳಿಂದ ಬಂದ ತಿಳಿವಳಿಕೆ. ನಾಟ್ಯರಾಣಿ ಶಾಂತಲೆಯ ತವರು ಇದೆಂಬುದು ಜನರ ನಂಬಿಕೆ. ಗಂಡಭೇರುಂಡ ಸ್ತಂಭವನ್ನು ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದನೆಂಬುದು ಶಾಸನದ ಮಾತು. ಮೂರನ್ನೂ ಒಂದೇ ಉಸಿರಿನಲ್ಲಿ, ಒಂದೇ ಖಚಿತತೆಯಿಂದ ಹೇಳಿದರೆ ಕೇಳುವವನಿಗೆ ಕಲ್ಲು ಹೇಳಿದ್ದು ಯಾವುದು, ಕವಿ ಹೇಳಿದ್ದು ಯಾವುದು, ಊರು ಹೇಳಿದ್ದು ಯಾವುದು ಎಂಬ ಗೆರೆಯೇ ಉಳಿಯುವುದಿಲ್ಲ. ಇಲ್ಲಿನ ಶಾಸನಗಳು ಹೇಳುವುದೇನು ಕಡಿಮೆಯೇ? ಕಾಳಾಮುಖರೆಂಬ ಶೈವ ಪಂಥದವರ ಕೋಡಿಯಮಠದ ಬಗ್ಗೆ 1162ರ ಶಾಸನವೊಂದು, ವೇದ, ದರ್ಶನ, ವ್ಯಾಕರಣಗಳ ಓದು ನಡೆಯುತ್ತಿದ್ದ, ಕುರುಡರು ಕುಂಟರಿಗೆ ಅನ್ನ ಸಿಗುತ್ತಿದ್ದ, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದ ಸ್ಥಳವೆಂದು ಅದನ್ನು ವರ್ಣಿಸುತ್ತದೆ. ಒಂದು ಮಠ ಕಾಲೇಜೂ ಛತ್ರವೂ ಆಸ್ಪತ್ರೆಯೂ ಆಗಿದ್ದ ಈ ವಿಷಯಕ್ಕೆ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ.

ಹೊತ್ತೂ ಸಾಲಲಿಲ್ಲ. ಕೇದಾರೇಶ್ವರ ದೇವಾಲಯದ ತ್ರಿಕೂಟ (ಮೂರು ಗರ್ಭಗುಡಿಗಳ) ವಿನ್ಯಾಸವನ್ನು ಒಂದು ಸುತ್ತು ನೋಡಿ, ಅಲ್ಲಿಯೇ ಜೋಡಿಸಿಟ್ಟಿರುವ ವಿಗ್ರಹಗಳನ್ನೂ ಶಾಸನಕಲ್ಲುಗಳನ್ನೂ ಕಣ್ಣಾಡಿಸುವಷ್ಟರಲ್ಲಿ ಹಾರನ್ ಕೇಳಿಸಿತು. ತ್ರಿಪುರಾಂತಕೇಶ್ವರದ ಜಾಲಂಧ್ರಗಳ (ರಂಧ್ರಗಳಿರುವ ಕಲ್ಲಿನ ಜಾಲರಿಗಳ) ಕೆತ್ತನೆ ಮತ್ತು ಬುಡದಲ್ಲಿ ಪಂಚತಂತ್ರದ ಕಥೆಗಳನ್ನು ಕಡೆದ ಪಟ್ಟಿಕೆ ನಿಧಾನವಾಗಿ ನೋಡಬೇಕಾದಂಥವು. ಅಲ್ಲಿ ನಮಗೆ ದೊರೆತದ್ದು ಗುಂಪಿನ ಫೋಟೊ ತೆಗೆಯುವಷ್ಟು ಅವಕಾಶ. ಗಂಡಭೇರುಂಡವನ್ನು ಸರ್ಕಾರಿ ಲಾಂಛನದಲ್ಲಷ್ಟೇ ಕಂಡವರಿಗೆ, ಮನುಷ್ಯನ ಮೈಗೆ ಎರಡು ಹಕ್ಕಿತಲೆ ಇರುವ ಇಲ್ಲಿನ ಪ್ರತಿಮೆ ಅಚ್ಚರಿ ತರುತ್ತದೆ, ಅದನ್ನೂ ಕತ್ತೆತ್ತಿ ನೋಡಿ ಓಡಿದ್ದಾಯಿತು.

ಈ ಅವಸರಕ್ಕೆ ಕಾರಣ ಪಟ್ಟಿ ಉದ್ದವಾಗಿರುವುದು. ಅಕ್ಕಮಹಾದೇವಿಯ ಊರಾದ ಉಡುತಡಿಯ ಮೇಲೆ ನನಗೆ ಗೌರವವಿದೆ. ಆದರೆ ಅಲ್ಲಿ ಈಗ ಕಾಣುವುದು ಬಹುಮಟ್ಟಿಗೆ ಹೊಸ ನಿರ್ಮಾಣ. ಅದನ್ನು ಬೇರೆ ದಿನಕ್ಕೆ ಇಟ್ಟರೆ ಬಳ್ಳಿಗಾವಿಗೆ ನ್ಯಾಯ ಸಿಗುತ್ತದೆ. ಬಂದಳಿಕೆಯನ್ನಂತೂ ಕೈಬಿಡುವ ಹಾಗಿಲ್ಲ. ನಾಗರಖಂಡ ಎಪ್ಪತ್ತು ಎಂಬ ಹಳೆಯ ಆಡಳಿತ ವಿಭಾಗದ ಮುಖ್ಯ ಪಟ್ಟಣವಾಗಿದ್ದ ಇಲ್ಲಿ ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ನಾರಾಯಣ ಗುಡಿಗಳು ಮರಗಿಡಗಳ ನಡುವೆ ಅಲ್ಲಲ್ಲಿ ನಿಂತಿವೆ. ರಾಷ್ಟ್ರಕೂಟರ ಕಾಲದಲ್ಲಿ ಗಂಡನ ಮರಣಾನಂತರ ನಾಗರಖಂಡವನ್ನು ಆಳಿ, ಕೊನೆಗೆ ಸಲ್ಲೇಖನವೆಂಬ ಜೈನರ ಉಪವಾಸ ವ್ರತದಿಂದ ದೇಹ ಬಿಟ್ಟ ಜಕ್ಕಿಯಬ್ಬೆಯ ಕಥೆಯನ್ನು ಇಲ್ಲಿ ಮಾರ್ಗದರ್ಶಿ ಶಾಸನವನ್ನೇ ಆಧರಿಸಿ ಸೊಗಸಾಗಿ ಹೇಳಿದರು. ಅವರಿಗೆ ಬಾರದ ವಿದ್ಯೆಯೇನಲ್ಲ ಎಂಬುದು ಆಗ ಗೊತ್ತಾಯಿತು.

ಉಳಿದ ವಿಷಯಗಳನ್ನು ಚಿಕ್ಕದಾಗಿ ಹೇಳಬಹುದು. ಬಸ್ಸು ಸ್ವಚ್ಛವಾಗಿತ್ತು, ಚಾಲಕ ಸಮಾಧಾನದ ಮನುಷ್ಯ. ಮಧ್ಯಾಹ್ನದ ಊಟ ದರದಲ್ಲಿ ಸೇರಿಲ್ಲ. ಶಿರಾಳಕೊಪ್ಪದಲ್ಲಿ ನಿಲ್ಲಿಸಿದ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ ಚೆನ್ನಾಗಿದ್ದವು. ತಾಣಗಳಲ್ಲಿ ಶೌಚಾಲಯವನ್ನು ನಂಬಿಕೊಳ್ಳದೆ ಪೇಟೆಯಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು ಎಂದು ಹೊರಡುವಾಗಲೇ ತಿಳಿಸಬೇಕಿತ್ತು, ವಿಶೇಷವಾಗಿ ಅಜ್ಜ ಅಜ್ಜಿಯರನ್ನು ಕರೆತಂದವರಿಗೆ. ಬಂದಳಿಕೆಯಲ್ಲಿ ಹುಲ್ಲು, ಕಲ್ಲುಗಳ ನಡುವೆ ನಡೆಯಬೇಕಾದ್ದರಿಂದ ಗಟ್ಟಿ ಚಪ್ಪಲಿ ಬೇಕು. ಮಳೆ ಕಳೆದ ಮೇಲೆ, ಬಿಸಿಲೇರುವ ಮುನ್ನಿನ ತಿಂಗಳುಗಳೇ ಈ ದಾರಿಗೆ ಹಿತ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆ ಮುದ್ರಿತ ಹಾಳೆ ಇಲ್ಲದಿದ್ದರೆ ಎರಡೂವರೆ ಕೊಡುತ್ತಿದ್ದೆ. ಕೆಳದಿ ಮತ್ತು ಇಕ್ಕೇರಿಗೆ ಇದೇ ಬಗೆಯ ಪ್ರವಾಸ ಶುರು ಮಾಡುವುದಾಗಿ ಸಂಸ್ಥೆಯವರು ಹೇಳಿದ್ದಾರೆ. ಸಾಗರದ ಆಸುಪಾಸಿನಲ್ಲೇ ಇರುವ ಆ ಎರಡು ಊರುಗಳು, ಕೆಳದಿಯ ವಸ್ತುಸಂಗ್ರಹಾಲಯ ಇಷ್ಟಕ್ಕೇ ದಿನವನ್ನು ಮೀಸಲಿಟ್ಟು, ಹಾಳೆಯ ಜೊತೆಗೆ ಅಘೋರೇಶ್ವರ ದೇವಾಲಯದ ಒಂದು ನಕ್ಷೆಯನ್ನೂ ಕೊಡುವುದಾದರೆ, ನಮ್ಮ ಮನೆಯವರ ಹೆಸರುಗಳನ್ನು ಈಗಲೇ ಬರೆದುಕೊಳ್ಳಬಹುದು.