ಶಾಲೆಗೆ ಯಾವ ಟಚ್ ಪರದೆ? ಮೂರು ಬಗೆಯಲ್ಲಿ ಪಾಠ ಮಾಡಿ ನೋಡಿದ ಮೇಲೆ

ಧಾರವಾಡ ತಾಲ್ಲೂಕಿನ ನಮ್ಮ ಹೈಸ್ಕೂಲಿಗೆ ಹಳೆಯ ವಿದ್ಯಾರ್ಥಿಗಳು ಒಂದು ದೊಡ್ಡ ಟಚ್ ಪರದೆ ಕೊಡಿಸಲು ಮುಂದೆ ಬಂದರು. ಯಾವುದು ಬೇಕೋ ನೀವೇ ನೋಡಿ ಹೇಳಿ ಅಂದರು. ಗಣಿತ ಕಲಿಸುವ ನನ್ನ ಪಾಲಿಗೆ ಆ ಕೆಲಸ ಬಂತು. ನಮ್ಮಲ್ಲಿ ಮೊದಲೇ ಇದ್ದದ್ದು ಟಚ್ ಪ್ರೊಜೆಕ್ಟರ್. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ತಮ್ಮನ ಆಫೀಸಿನ ಗೋಡೆಗೆ 86 ಇಂಚಿನ ಪ್ಯಾನೆಲ್, ಅಂದರೆ ದೊಡ್ಡ ಟಿವಿಯಂಥ ಟಚ್ ಪರದೆ, ಇದೆ. ರಜೆ ದಿನ ಕೆಲವು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮೂರನೆಯದು ಚಕ್ರದ ಸ್ಟ್ಯಾಂಡಿನ ಮೇಲಿನ 75 ಇಂಚಿನ ಪ್ಯಾನೆಲ್. ಅಂಗಡಿಯವರು ಅದನ್ನು ಶಾಲೆಗೇ ತಂದು ಬಳಸಿ ನೋಡಲು ಬಿಟ್ಟಿದ್ದರು.

ಪ್ರೊಜೆಕ್ಟರ್ ವಿಷಯ ಬೇಗ ಮುಗಿಸುತ್ತೇನೆ. ಕೆನಡಾದಲ್ಲಿ 1991ರಲ್ಲಿ ಬಂದ ಸ್ಮಾರ್ಟ್ ಬೋರ್ಡ್ ಎಂಬ ಮುಟ್ಟಿ ಬಳಸುವ ಹಲಗೆ ಕೂಡ ಪ್ರೊಜೆಕ್ಟರನ್ನೇ ನಂಬಿದ್ದು. ಆಗ ಅದು ದೊಡ್ಡ ಹೆಜ್ಜೆ. ಆದರೆ ಬರೆಯುವವರ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಪ್ರೊಜೆಕ್ಟರ್ ಚೂರು ಅಲುಗಿದರೂ ಮುಟ್ಟಿದ ಜಾಗ ಒಂದು, ಗೆರೆ ಮೂಡುವ ಜಾಗ ಇನ್ನೊಂದು. ಮತ್ತೆ ಹೊಂದಿಸಬೇಕು. ಇವನ್ನೆಲ್ಲ ಸಹಿಸಬಹುದು. ನನಗೆ ಸಹಿಸಲಾಗದ್ದು ಕೋಣೆ ಕತ್ತಲು ಮಾಡಬೇಕಾದದ್ದು. ಎಂಟನೆಯ ತರಗತಿಯಲ್ಲಿ ಕಿವಿ ಸರಿಯಾಗಿ ಕೇಳದ ಹುಡುಗನಿದ್ದಾನೆ. ಅವನು ನನ್ನ ತುಟಿ ನೋಡಿ ಪಾಠ ಹಿಡಿಯುತ್ತಾನೆ. ಕಿಟಕಿ ಮುಚ್ಚಿದರೆ ಅವನಿಗೆ ಪಾಠವೇ ಇಲ್ಲ.

ಪ್ಯಾನೆಲ್‌ಗಳಿಗೆ ಈ ತೊಂದರೆ ಇಲ್ಲ. ಪರದೆಯೇ ಬೆಳಗುತ್ತದೆ, ಕಿಟಕಿ ತೆರೆದಿಡಬಹುದು.

ಆಫೀಸಿನ ಪ್ಯಾನೆಲ್ ಮೊಬೈಲಿನಂತೆ ಬೆರಳಿನ ವಿದ್ಯುತ್ ಸ್ಪರ್ಶವನ್ನು ಗುರುತಿಸುವ ಬಗೆಯದು. ಗೆರೆ ಬಹಳ ನಯ. ಮೀಟಿಂಗಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕಲು, ಬೇರೆ ಊರಿನವರೊಡನೆ ವಿಡಿಯೋದಲ್ಲಿ ಮಾತಾಡಲು ಅದಕ್ಕಿಂತ ಒಳ್ಳೆಯದು ಬೇಡ. ಶಾಲೆಗೆ ತಂದದ್ದು ಇನ್‌ಫ್ರಾರೆಡ್ ಬಗೆಯದು. ಅದರ ಚೌಕಟ್ಟಿನ ಸುತ್ತ ಕಣ್ಣಿಗೆ ಕಾಣದ ಬೆಳಕಿನ ಜಾಲ ಇರುತ್ತದೆ. ಯಾವ ವಸ್ತು ಅಡ್ಡ ಬಂದರೂ ಅದನ್ನು ಸ್ಪರ್ಶ ಅಂತ ತಿಳಿಯುತ್ತದೆ. ಹಾಗಾಗಿ ಸೀರೆಯ ಸೆರಗು ತಾಗಿದರೂ ಗೆರೆ ಮೂಡುತ್ತದೆ. ಚೌಕಟ್ಟಿನ ಅಂಚಿನಲ್ಲಿ ಸುಣ್ಣದ ಕಡ್ಡಿಯ ಪುಡಿ ಕೂತರೆ, ಇಲ್ಲವೇ ಬಿಸಿಲು ನೇರ ಬಿದ್ದರೆ ಎಲ್ಲೆಲ್ಲೋ ಮುಟ್ಟಿದಂತೆ ಆಗುತ್ತದೆ. ದಿನಾ ಒಣ ಬಟ್ಟೆಯಿಂದ ಒರೆಸಲೇಬೇಕು.

ಇಷ್ಟಿದ್ದರೂ ನನಗೆ ಇನ್‌ಫ್ರಾರೆಡ್ಡೇ ಬೇಕು. ಯಾಕೆಂದರೆ ಅದಕ್ಕೆ ಬೆರಳೇ ಬೇಕು ಅಂತಿಲ್ಲ. ನಮ್ಮಲ್ಲಿ ಒಬ್ಬ ಹುಡುಗನಿಗೆ ಪೆನ್ನು ಹಿಡಿಯುವಷ್ಟು ಬೆರಳಲ್ಲಿ ಬಲವಿಲ್ಲ. ಮುಷ್ಟಿಯಿಂದಲೇ ಗೆರೆ ಎಳೆದ. ಕೋಲಿನ ತುದಿಗೆ ಸ್ಪಂಜು ಕಟ್ಟಿಕೊಟ್ಟೆವು, ಅದರಿಂದಲೂ ಬರೆದ. ಆಫೀಸಿನ ಪ್ಯಾನೆಲ್ ಆ ಕೋಲನ್ನು ಗುರುತಿಸಲೇ ಇಲ್ಲ.

ಇನ್ನು ಎತ್ತರ. ಅಂಗಡಿಯಲ್ಲಿ ಎಲ್ಲರೂ ಇಂಚು ಕೇಳುತ್ತಾರೆ, ನೆಲದಿಂದ ಎಷ್ಟು ಮೇಲೆ ಕೂರುತ್ತದೆ ಅಂತ ಯಾರೂ ಕೇಳಲ್ಲ. 86 ಇಂಚಿನ ಪರದೆಯ ಎತ್ತರ ಸುಮಾರು 107 ಸೆಂ.ಮೀ., 75 ಇಂಚಿನದು 93. ಗಾಲಿಕುರ್ಚಿಯಲ್ಲಿ ಕೂತವರ ಕೈ ನೆಲದಿಂದ ಸುಮಾರು 120 ಸೆಂ.ಮೀ. ತನಕ ಹೋಗುತ್ತದೆ ಅಂತ ಹಿಡಿಯುತ್ತಾರೆ. ಆಫೀಸಿನ ಪರದೆ ಶುರುವಾಗುವುದೇ ಒಂದು ಮೀಟರ್ ಮೇಲೆ. ಅಂದರೆ ಕೆಳಗಿನ ಒಂದು ಗೇಣು ಮಾತ್ರ ಕೈಗೆ ಸಿಗುತ್ತದೆ. ಗಾಲಿಕುರ್ಚಿಯಲ್ಲಿ ಕೂರುವ ಒಂಬತ್ತನೆಯ ತರಗತಿಯ ಹುಡುಗಿ ಅಲ್ಲಿ ಪ್ರಯತ್ನಪಟ್ಟು, "ಕೈ ಮುಟ್ಟಂಗಿಲ್ರಿ ಟೀಚರ್" ಅಂತ ಸುಮ್ಮನಾದಳು. ಶಾಲೆಯಲ್ಲಿ ಸ್ಟ್ಯಾಂಡನ್ನು ಪೂರ್ತಿ ಇಳಿಸಿ, ಪರದೆಯ ಕೆಳ ಅಂಚನ್ನು 60 ಸೆಂ.ಮೀ.ಗೆ ತಂದೆವು. ಪರದೆಯ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅವಳ ಕೈಗೆ ಸಿಕ್ಕಿತು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದಳು. ಕೋನಗಳು ಬದಲಾದವು, ಮೊತ್ತ 180 ಡಿಗ್ರಿಯಲ್ಲೇ ನಿಂತಿತು. ಬೇರೆಯವರು ಎಳೆಯುವುದನ್ನು ನೋಡುವುದಕ್ಕೂ ತಾನೇ ಎಳೆದು ನೋಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ?

ಪರದೆ ಇಳಿಸಿದರೆ ಮುಂದಿನ ಬೆಂಚಿನವರ ತಲೆ ಹಿಂದಿನವರಿಗೆ ಅಡ್ಡ ಬರುತ್ತದೆ, ನಿಜ. ಪಾಠ ಹೇಳುವಾಗ ಏರಿಸಿ, ಮಕ್ಕಳು ಬರೆಯುವಾಗ ಇಳಿಸಿದೆವು. ಕೊನೆಯ ಬೆಂಚು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು ಎಂಬ ಲೆಕ್ಕ ಬಳಕೆಯಲ್ಲಿದೆ. ಅದರಂತೆ 75 ಇಂಚು ಐದೂವರೆ ಮೀಟರ್ ದೂರಕ್ಕೆ ಸಾಕು. ನಮ್ಮ ಕೋಣೆಗೆ ಅದು ಸರಿಹೋಗುತ್ತದೆ. ಕೋಣೆ ಇನ್ನೂ ಉದ್ದ ಇದ್ದರೆ 86 ಬೇಕಾದೀತು. ಆಗಲೂ ಏರಿಸಿ ಇಳಿಸುವ ಸ್ಟ್ಯಾಂಡ್ ಬಿಡಬೇಡಿ.

ಕನ್ನಡದ ವಿಷಯ ಮಾರುವವರು ತಾವಾಗಿ ಹೇಳುವುದಿಲ್ಲ. ಎರಡೂ ಪ್ಯಾನೆಲ್‌ಗಳ ಒಳಗೆ ಆಂಡ್ರಾಯ್ಡ್ ಇದೆ. ಯೂನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ, ಗೂಗಲ್ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಬೆರಳಿಂದ ಕನ್ನಡ ಬರೆದರೆ ಅಚ್ಚಿನ ಅಕ್ಷರವಾಗುತ್ತದೆ. ಆದರೆ ನಮ್ಮ ಪ್ರಶ್ನೆಪತ್ರಿಕೆಗಳು ಹೆಚ್ಚಿನವು ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿವೆ. ಅವು ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು. ಪಿಡಿಎಫ್ ಮಾಡಿ ಒಯ್ದರೆ ಸರಿ. ಇಲ್ಲವೇ ಪ್ಯಾನೆಲಿನ ಒಪಿಎಸ್ ಸ್ಲಾಟಿಗೆ (ಸಣ್ಣ ಕಂಪ್ಯೂಟರ್ ಕೂರಿಸುವ ಖಾನೆಗೆ) ವಿಂಡೋಸ್ ಕಂಪ್ಯೂಟರ್ ಹಾಕಿಸಿ, ಅದರಲ್ಲಿ ಆ ಫಾಂಟ್ ಇರಬೇಕು. ಅದೇ ಕಂಪ್ಯೂಟರಿನಲ್ಲಿ ಓಪನ್‌ಬೋರ್ಡ್ ಎಂಬ ಉಚಿತ ತಂತ್ರಾಂಶವೂ ನಡೆಯುತ್ತದೆ. ಪ್ಯಾನೆಲ್ ಜೊತೆ ಬಂದ ಬರೆಯುವ ಆ್ಯಪಿಗಿಂತ ನನಗೆ ಅದೇ ಹಿಡಿಸಿತು.

ಕಣ್ಣು ಮಂದ ಇರುವ ಮಕ್ಕಳಿಗೆ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಹಾಕಿದೆವು. ಅದೇ ಪರದೆಯನ್ನು ಅವರ ಕೈಯ ಟ್ಯಾಬ್ಲೆಟ್ಟಿಗೂ ಕಳಿಸಿದೆವು. ಟಾಕ್‌ಬ್ಯಾಕ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಕನ್ನಡ ಓದಿ ಹೇಳಬೇಕಿದ್ದರೆ ಕೊಳ್ಳುವ ಮುಂಚೆ ಪ್ಯಾನೆಲಿನಲ್ಲೇ ಓದಿಸಿ ನೋಡಿ. ಗೂಗಲ್ ಸೇವೆಗಳು ಇಲ್ಲದ ಆಂಡ್ರಾಯ್ಡ್ ಪ್ಯಾನೆಲ್‌ಗಳೂ ಮಾರಾಟಕ್ಕಿವೆ, ಅವುಗಳಲ್ಲಿ ಅದು ಇಲ್ಲದೆಯೂ ಇರಬಹುದು.

ಹಳೆಯ ವಿದ್ಯಾರ್ಥಿಗಳಿಗೆ ನಾನು ಬರೆದುಕೊಟ್ಟದ್ದು ಇದು: 75 ಇಂಚಿನ ಇನ್‌ಫ್ರಾರೆಡ್ ಪ್ಯಾನೆಲ್, ಏರಿಸಿ ಇಳಿಸುವ ಚಕ್ರದ ಸ್ಟ್ಯಾಂಡ್, ವಿಂಡೋಸ್ ಇರುವ ಒಪಿಎಸ್ ಕಂಪ್ಯೂಟರ್, ಕರೆಂಟ್ ಹೋದಾಗ ಪಾಠ ಮುಗಿಸುವಷ್ಟು ಯುಪಿಎಸ್. ದುಡ್ಡು ಸಾಲದಿದ್ದರೆ 65 ಇಂಚಿನದು ತನ್ನಿ, ಸ್ಟ್ಯಾಂಡ್ ಮಾತ್ರ ಕೈಬಿಡಬೇಡಿ ಅಂತಲೂ ಸೇರಿಸಿದ್ದೇನೆ.